ನೀಲಿ ಬಣ್ಣದ ಹೊರಸು

ಕೋಳಿ ಪುಕ್ಕದ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಚ್ಚಂಗೆವ್ವ ಬಾಗಿಲ ಚೌಕಟ್ಟಿನ ಸಂದಿಯೊಳಗೆ ತೂರಿಸಿದಳು. ಯಾರೋ ಹೆಸರು ಹಿಡಿದು ಕೂಗಿದರೆಂದು ಎದ್ದು ಬಂದಂತೆ ಒಂದು ತಿಗಣೆ ಅವಸರವಿಲ್ಲದೆ ಹೊರಗೆ ಬಂತು. ಹೆಬ್ಬೆರಳಿನಿಂದ ಒತ್ತಿದಳು. ಕೊತ್ತಂಬರಿ ಜಜ್ಜಿದಂಥ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಯ ದೆಸೆಯಿಂದ ಅವಳು ಸಾರಿಗೆ ಕೊತ್ತಂಬರಿ ಹಾಕುವುದನ್ನೇ ಬಿಟ್ಟಿದ್ದಳು.

"ಹಿಂಗ ಒಂದೊಂದ ಹಿಡದ ಕೊಂದ್ರ ಮೊಮ್ಮಗನ ಲಗ್ನದ ಹೊತ್ತಿಗೆ ಮುಗೀತೈತಿ ನೋಡ ಅಕ್ಕಾ ನಿನ್ನ ಕೆಲಸ," ಎಂದಳು ಎದುರುಮನೆಯ ಮೈಮುನಾಬಿ. ಕೊರಳಿಗೆ ಅಳತೆ ಪಟ್ಟಿ, ಸೆರಗಿಗೆ ಚುಚ್ಚಿದ ಸೂಜಿ. ರವಿಕೆ ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಹೊಸ್ತಿಲಲ್ಲಿ ನಿಂತಿದ್ದಳು.

"ಮೊಮ್ಮಗ ಮೊದ್ಲ ಹುಟ್ಲಿ ಬೂಬು. ಐತವಾರ ನಮ್ಮ ಬೀಗ್ತಿ ಬರ್ತಾಳ. ಗುತ್ತಲದಿಂದ ಬಂದು, ಇಲ್ಲೆ ಒಂದ ನಿದ್ದಿ ಮಾಡಿ ನೋಡ್ತಾಳಂತ. ತಗಣಿ ಕಡೀಲಿಲ್ಲಂದ್ರ ನನ್ನ ಮಗಳು ದೀಪಿಕಾನ್ನ ಬಾಣಂತನಕ್ಕ ಕಳಸ್ತಾಳಂತ."

"ಹೆಣ್ಣ ನೋಡಾಕ ಬರೂದ ಕೇಳೇನಿ. ನಿದ್ದಿ ನೋಡಾಕ ಬರೂದು ಇದss ಮೊದ್ಲು!"

ಮೈಮುನಾಬಿ ನಕ್ಕಳು. ಉಚ್ಚಂಗೆವ್ವನಿಗೂ ನಗು ಬಂತು, ಆದರೆ ಅದು ತುಟಿಯ ತನಕ ಬರುವಷ್ಟರಲ್ಲಿ ಸುಸ್ತಾಯಿತು. ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು. ಹಾಸಿಗೆಯನ್ನು ತಾರಸಿಯ ಮೇಲೆ ಒಣಗಿಸಿದ್ದಾಯಿತು, ಟ್ರಂಕು ಬೋರಲು ಹಾಕಿದ್ದಾಯಿತು, ಗೋಡೆಯ ಕ್ಯಾಲೆಂಡರನ್ನೂ ದೇವರ ಫೋಟೋಗಳನ್ನೂ ಇಳಿಸಿ ಬೆನ್ನು ಒರೆಸಿದ್ದಾಯಿತು. ಬ್ಯಾಡಗಿಯ ತವರಿನಿಂದ ಮದುವೆಯಲ್ಲಿ ಬಂದಿದ್ದ ಕೌದಿಯನ್ನು ಹಿತ್ತಲಿಗೆ ಒಯ್ದು ಸುಟ್ಟೂ ಆಯಿತು. ಗಂಡ ಮೈಲಪ್ಪ ಬಸ್ ಡಿಪೋದಿಂದ ಬಂದವನು ಆ ಬೂದಿ ನೋಡಿ, "ನಿಮ್ಮವ್ವನ ಸೀರಿ ಇದ್ದವಲ್ಲs ಅದರಾಗ," ಎಂದಷ್ಟೇ ಅಂದಿದ್ದ. ಇಷ್ಟಾದರೂ ಬೆಳಗಾದರೆ ಮೈಮೇಲೆ ಕೆಂಪು ಗಂಧೆಗಳು ಸಾಲಾಗಿ ಎದ್ದಿರುತ್ತಿದ್ದವು.

"ಎಲ್ಲಾ ನೋಡೀದಿ," ಎಂದಳು ಮೈಮುನಾಬಿ, ದನಿ ತಗ್ಗಿಸಿ. "ಅದನ್ನ ನೋಡೀಯೇನು?"

ಕಿಟಕಿಯ ಪಕ್ಕದಲ್ಲಿ, ಬಿಳಿ ಮಗ್ಗಲುಹಾಸಿಗೆ ಹೊದ್ದುಕೊಂಡು ಒಂದು ಹೊರಸು ಇತ್ತು. ಅದರ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಹೊಳೆಯುವ ನೀಲಿ ಬಣ್ಣದ ನಾಲ್ಕು ಕಾಲು. ಒಂದಕ್ಕೆ ಅರಿಷಿಣದ ಕೊಂಬು ಕಟ್ಟಿತ್ತು.

"ಬಾಯಾಗ ಹುಳ ಬೀಳ್ತಾವ ನೋಡ ಬೂಬು! ಅದು ಬಾಣಂತಿ ಹೊರಸು. ಕೆಳಗಿನ ಸಾವಕಾರ್ರ ಮನೀದು."

"ಸಾವಕಾರ್ರ ಮನೀದಂದ್ರ ತಗಣಿ ಕೈಮುಗದು ಹೊರಗ ನಿಂದರ್ತಾವೇನು? ಆ ಮುದುಕಿ, ಸಾವಕಾರ್ತಿ ಸುಧಾರಾಣಿಯ ಅತ್ತಿ, ಇದರ ಮ್ಯಾಲs ಬಿದ್ದುಕೊಂಡಿದ್ಲು ಸಾಯೂತನಾ. ನಾ ರವಿಕಿ ಕೊಡಾಕ ಹೋದಾಗೆಲ್ಲ ಮೈ ಪರಚಿಗೋತ ಕುಂತಿರ್ತಿದ್ಲು. ಸಕ್ಕರಿ ಬ್ಯಾನಿ ತುರಿಕಿ ಅಂತಿದ್ರು."

"ನಿನಗ ಮಂದಿ ಕೊಟ್ಟದ್ದ ಕಂಡ್ರ ಹೊಟ್ಟಿಕಿಚ್ಚು," ಎಂದುಬಿಟ್ಟಳು ಉಚ್ಚಂಗೆವ್ವ. ಮಾತು ಬಾಯಿಂದ ಜಾರಿದ ಮೇಲೆ ನಾಲಗೆ ಕಚ್ಚಿಕೊಂಡಳು. ಮೈಮುನಾಬಿ ಅಳತೆ ಪಟ್ಟಿಯನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತಿಕೊಂಡಳು. "ಆತು ಬಿಡವಾ. ನನಗ್ಯಾಕ ಬೇಕಿತ್ತು ಉಸಾಬರಿ," ಎಂದು ಎದುರುಮನೆಯ ಬಾಗಿಲು ಮುಂದೆ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು, ಎಂದಿಗಿಂತ ಜೋರಾಗಿ, ಕೇಳತೊಡಗಿತು.

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ಬಾಜೂಕಿನಲ್ಲಿ ಬೀಜದ ವ್ಯಾಪಾರಿ ಶಂಭುಲಿಂಗ ಕಟ್ಟಿಸಿದ ಕಟ್ಟಡ ಅದು. ಕೆಳಗೆ ಅವನ ಮನೆ, ಮೇಲೆ ಎರಡು ಅಂತಸ್ತು ಬಾಡಿಗೆಗೆ. ಓಣಿಯವರು ಫ್ಲ್ಯಾಟು ಎನ್ನುತ್ತಿದ್ದರು. ಮನೆ ಕೇಳಲು ಹೋದಾಗ ಶಂಭುಲಿಂಗ, "ನೀವು ಯಾವ ಪೈಕಿ ಆತ್ರಿ?" ಎಂದು ಕೇಳಿದ್ದ. ಮೈಲಪ್ಪ ಹೆಗಲ ಮೇಲಿನ ಕಂಡಕ್ಟರ್ ಚೀಲ ತಟ್ಟಿ, "ನಾವು ಬಸ್ಸಿನ ಪೈಕಿರಿ ಸಾವಕಾರ್ರ," ಎಂದಿದ್ದ. ಅವನೂ ನಕ್ಕ, ಇವನೂ ನಕ್ಕ, ಮನೆ ಸಿಕ್ಕಿತು. ಸಣ್ಣ ಊರಿನಲ್ಲಿ ಇಂಥ ನಗು ಎಷ್ಟು ದಿನ ನಡೆಯುತ್ತದೆ? ಶಂಭುಲಿಂಗನ ಹೆಂಡತಿ ಸುಧಾರಾಣಿಗೆ ಬಹಳ ಬೇಗ ಗೊತ್ತಾಯಿತು. ಅವಳು ಮನೆ ಬಿಡಿರೆಂದು ಹೇಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಉಚ್ಚಂಗೆವ್ವ ಏನಾದರೂ ಕೊಡಲು ಕೈ ಚಾಚಿದರೆ, ಅದು ಕಟ್ಟೆಯ ಮೇಲೆ ಇಳಿಯುವ ತನಕ ಸುಧಾರಾಣಿಯ ಕೈ ಕಾಯತೊಡಗಿತು, ಅಷ್ಟೇ.

ಹಾಗಿರುವಾಗ ಶ್ರಾವಣದ ಮೊದಲಲ್ಲಿ, ದೀಪಿಕಾ ಬಸುರಿ ಎಂಬ ಸುದ್ದಿ ಕಟ್ಟಡದಲ್ಲಿ ಹರಡಿದ ಮೇಲೆ, ಅಂಗಡಿಯ ಹಮಾಲರ ಕೈಲಿ ಈ ಹೊರಸನ್ನು ಹೊರಿಸಿಕೊಂಡು ಸುಧಾರಾಣಿ ತಾನೇ ಮೆಟ್ಟಿಲು ಹತ್ತಿ ಬಂದಿದ್ದಳು.

"ನಮ್ಮ ಅತ್ತಿ ಕಾಲದ್ದು. ಇದರ ಮ್ಯಾಲ ಹಡದು ಎದ್ದವ್ರು ಯಾರೂ ಕೆಟ್ಟದ್ದ ಕಂಡಿಲ್ಲ. ನಿಮ್ಮ ದೀಪಿಕಾಗ ಇರ್ಲಿ ಅಂತ ತಂದೆ."

"ಬಾಣಂತನ ಮುಗದ ಮ್ಯಾಲ ತೊಳದು ತಂದ ಕೊಡ್ತೇನ್ರಿ ಅಕ್ಕಾರ."

"ಬ್ಯಾಡ ಬ್ಯಾಡ. ನೀವು ಮಲಗಿದ ಮ್ಯಾಲ ನಮಗ್ಯಾಕದು. ನಿಮ್ಮಲ್ಲೇ ಇರ್ಲಿ ಬಿಡ್ರಿ."

ಚಹಾ ಮಾಡುತ್ತೇನೆಂದರೆ, ಈಗಷ್ಟೇ ಕುಡಿದು ಬಂದೆ ಎಂದು ಹೊಸ್ತಿಲ ಹೊರಗಿನಿಂದಲೇ ಇಳಿದು ಹೋದಳು. ಆ ಕೊನೆಯ ಮಾತನ್ನು ಉಚ್ಚಂಗೆವ್ವ ಕೇಳಲಿಲ್ಲವೆಂದಲ್ಲ. ಅಕ್ಕಿಯಲ್ಲಿ ಸಿಕ್ಕ ಹರಳನ್ನು ತೆಗೆದು ಪಕ್ಕಕ್ಕಿಟ್ಟಂತೆ ಅದನ್ನು ಪಕ್ಕಕ್ಕಿಟ್ಟಳು. ಯಾಕೆಂದರೆ ಹೊರಸಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಮೂಗಿಗೆ ಹತ್ತುವ ಹಸಿ ಬಣ್ಣ. ಅಂಥ ಮನೆಗಳಿಂದ ಅವಳ ಮನೆಗೆ ತಂಗಳು ಬಂದಿತ್ತು, ಬಣ್ಣ ಹೋದ ಸೀರೆ ಬಂದಿತ್ತು, ಕಾಲು ಮುರಿದ ಕುರ್ಚಿ ಬಂದಿತ್ತು. ಹೊಸ ಬಣ್ಣ ಬಳಿದು, ನಿನ್ನ ಮಗಳಿಗೆಂದು ಹೆಸರು ಹೇಳಿ, ಏನೂ ಬಂದಿರಲಿಲ್ಲ. ಅವಳ ಕಣ್ಣು ತುಂಬಿ ಬಂದಿದ್ದವು. ಆ ಹೊತ್ತೇ ಕಾಲುಗಳಿಗೆ ಅರಿಷಿಣ ಕುಂಕುಮ ಹಚ್ಚಿ, ಕೊಂಬು ಕಟ್ಟಿ, ಊದಿನಕಡ್ಡಿ ಬೆಳಗಿದಳು. ಹಾಗೆ ಪೂಜೆ ಮಾಡಿಟ್ಟ ಹೊರಸಿನ ಮೇಲೆ ಬಸುರಿಯೋ ಬಾಣಂತಿಯೋ ಅಲ್ಲದೆ ಬೇರೆಯವರು ಮೈ ಚಾಚಬಾರದು, ಅದನ್ನು ಬಡಿಯಬಾರದು, ಸೀಮೆಎಣ್ಣೆ ಬಿಸಿನೀರು ಸೋಕಿಸಬಾರದು. ಅವಳವ್ವ ಹಾಗೆ ಹೇಳುತ್ತಿದ್ದಳು. ಪಂಚಮಿಗೆ ಬಂದ ದೀಪಿಕಾ ಮಾತ್ರ ಅದರ ಮೇಲೆ ಮಲಗಿದ್ದಳು, ತಲೆಯನ್ನು ಕಿಟಕಿಯ ಕಡೆಗೆ ಮಾಡಿ.

ಗುತ್ತಲಕ್ಕೆ ತಿರುಗಿ ಹೋದ ಮಗಳ ಬೆನ್ನ ತುಂಬ ಗಂಧೆ. ಬಟ್ಟೆ ಚೀಲದ ಹೊಲಿಗೆಯಲ್ಲಿ ಹೊಟ್ಟೆ ಉಬ್ಬಿದ ತಿಗಣೆ. ಅತ್ತೆ ಗುಡ್ಡವ್ವ ಫೋನಿನಲ್ಲಿ ಕೂಗಾಡಲಿಲ್ಲ. "ಕುಬಸ ಮಾಡಿ ಕಳಸೂದು ಪದ್ಧತಿ ಬೀಗ್ತಿ, ಕಳಸಬೇಕು. ಆದ್ರ ಹುಟ್ಟಿದ ಕೂಸಿನ ರಕ್ತಾ ತಗಣಿಗೆ ಕುಡಸಾಕ ಕಳಸೂದಿಲ್ಲ. ನಾನs ಬಂದು ಮಲಗಿ ನೋಡ್ತೇನಿ," ಎಂದಳು. ಅದು ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಜಗಳವಾಡುವುದು ಹೇಗೆ?

ಉಚ್ಚಂಗೆವ್ವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಮಗಳ ಮಗುವಿಗೆ ತನ್ನ ಕೈಯಿಂದ ನೀರೆರೆಯಬೇಕು. ದೀಪಿಕಾ ಹುಟ್ಟಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿಯ ಸುಗ್ಗಿ ತುಂಬಿ ತುಳುಕುವಾಗ. ಉಚ್ಚಂಗೆವ್ವನ ಅವ್ವ ಕರಿಯವ್ವ ಮಾಲೀಕರ ಗೋದಾಮಿನಲ್ಲಿ ಕಾಯಿಯ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿದ್ದಳು. ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಿದ್ದಳು. ಸಂಜೆ ಬಂದು ಕೈಗೆ ಮಜ್ಜಿಗೆ ಹಚ್ಚಿ, ಬೂದಿ ಹಚ್ಚಿ, ಹುಣಸೆ ಹಚ್ಚಿ ತಿಕ್ಕಿದರೂ ಖಾರ ಇಳಿಯುತ್ತಿರಲಿಲ್ಲ. ಕೂಸನ್ನು ಮುಟ್ಟಿದರೆ ಕೂಸು ಕಿರಿಚುತ್ತಿತ್ತು. ಹಾಗಾಗಿ ಕರಿಯವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಚ್ಚಲ ಬಾಗಿಲಲ್ಲಿ ನಿಂತು, ನೆರೆಮನೆಯವಳು ಮೊಮ್ಮಗಳಿಗೆ ಎರೆಯುವುದನ್ನು ನೋಡುತ್ತಿದ್ದಳು. "ಕತ್ತ ಹಿಡೀ ಯವ್ವಾ, ಕತ್ತ ಹಿಡೀ," ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಅವಳು ಸತ್ತು ವರ್ಷಗಳಾದರೂ ಉಚ್ಚಂಗೆವ್ವನಿಗೆ ನೆನಪಾಗುವುದು ಅವ್ವನ ಮುಖವಲ್ಲ, ಬೆನ್ನ ಹಿಂದೆ ಅಡಗಿದ ಆ ಕೈಗಳು.

ಈಗ ತನ್ನ ಕೈಯಲ್ಲಿ ಖಾರವಿಲ್ಲ. ಬಾಣಂತಿಗೆ ಕೊಡುವ ಅಂಟಿನುಂಡಿಗೆಂದು ಕೊಬ್ಬರಿ, ಉತ್ತತ್ತಿ, ಅಂಟು ತಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಮೈಲಪ್ಪನ ಹಳೆಯ ಧೋತರ ಹರಿದು, ಒಗೆದು ಒಗೆದು ಬೆಣ್ಣೆಯಂತೆ ಮಾಡಿ, ಮಡಿಚಿಟ್ಟಿದ್ದಳು. ಒಮ್ಮೊಮ್ಮೆ ಮಧ್ಯಾಹ್ನ ಯಾರೂ ಇಲ್ಲದಾಗ ಕಾಲು ನೀಡಿ ಕುಳಿತು, ಎರೆಯುವಾಗ ಕೂಸು ಮಲಗುವ ಜಾಗ ಎಷ್ಟಾಗುತ್ತದೆಂದು ಎರಡು ಕಣಕಾಲುಗಳ ನಡುವೆ ನೋಡಿಕೊಳ್ಳುತ್ತಿದ್ದಳು.

ಮೈಮುನಾಬಿ ಮುನಿಸಿಕೊಂಡ ಅದೇ ಸಂಜೆ ಶಂಭುಲಿಂಗ ಎಲ್ಲ ಬಾಡಿಗೆಯವರನ್ನೂ ಕೆಳಗಿನ ಅಂಗಳಕ್ಕೆ ಕರೆಸಿದ. ಮೇಲಿನ ಅಂತಸ್ತಿನ ಕೊಟ್ರೇಶ ಮಾಸ್ತರರ ಮನೆಯಲ್ಲೂ ತಿಗಣೆ ಕಂಡಿದ್ದವು. ಮಾಸ್ತರರು ಮನೆ ಬಿಡುವ ಮಾತಾಡಿದ್ದರು.

"ನಾ ಯಾರ್ನೂ ಬೈಯೂದಿಲ್ಲ," ಎಂದ ಶಂಭುಲಿಂಗ. ಅವನು ಎಂದೂ ದನಿ ಎತ್ತುವವನಲ್ಲ; ಬೀಜ ಮೊಳೆಯದ ರೈತನಿಗೂ ಮೆತ್ತಗೇ ಉತ್ತರ ಹೇಳುವವನು. "ಆದ್ರ ಕಟ್ಟಡದ ಹೆಸರು ಕೆಡಬಾರ್ದಲ್ರಿ. ತಗಣಿ ಎಲ್ಲಿಂದ ಬಂದ್ವು? ಮೈಲಪ್ಪ, ಬಸ್ಸಿನ ಸೀಟಿನಾಗ ಇರ್ತಾವಲ್ಲೋ ಮಾರಾಯಾ?"

"ಕಂಡಕ್ಟರ್ ಸೀಟಿನ್ಯಾಗ ಕುಂದ್ರೂದು ಯಾವಾಗ್ರಿ ಸಾವಕಾರ್ರ, ನಿಂತs ಇರ್ತೇವಿ," ಎಂದ ಮೈಲಪ್ಪ.

ಯಾರೋ ಕಿಸಕ್ಕನೆ ನಕ್ಕರು. ಶಂಭುಲಿಂಗನೂ ನಕ್ಕ, ಮತ್ತೆ ಗಂಭೀರನಾದ. "ನೋಡ್ರಿ, ಮನ್ಯಾಗ ಬಸುರಿ ಹುಡುಗಿ ಬರೂದೈತಿ. ನಾ ಕಲ್ಲ ಮನಸಿನಾವ ಅಲ್ಲ. ಬಾಣಂತನ ಮುಗೂತನಾ ಇರ್ರಿ. ಆದ್ರ ನಮ್ಮಿಂದಾ ಬಂದಾವ ಅಂತ ಎಲ್ಲಾರ ಮುಂದ ಒಂದ ಮಾತ ಒಪ್ಕೋರಿ. ಮಾಸ್ತರಿಗೂ ಸಮಾಧಾನ ಆಗ್ತೈತಿ."

ಮೈಲಪ್ಪ ಬಾಯಿ ತೆರೆಯುವ ಮೊದಲೇ ಉಚ್ಚಂಗೆವ್ವ ಸೆರಗು ಹೊದ್ದು ಮುಂದೆ ಬಂದಳು. ಬರುವ ಗುರುವಾರ ಗುತ್ತಲದಲ್ಲಿ ಸೀಮಂತದ ಕುಬಸ. ಮನೆ ಇದ್ದರೆ ಮಗಳು. ಅಷ್ಟು ಲೆಕ್ಕ ಅವಳಿಗೆ ಸಾಕಾಗಿತ್ತು.

"ನಮ್ಮಿಂದs ಬಂದಾವ್ರಿ. ತಪ್ಪಾತು," ಎಂದಳು. ಹೇಳುವಾಗ ಅದನ್ನು ನಂಬಿಯೂ ಇದ್ದಳು. ಇಷ್ಟು ಜನ, ಇಷ್ಟು ಮೆತ್ತಗೆ ಹೇಳುವಾಗ ನಂಬದೆ ಏನು ಮಾಡುವುದು? ಸುಧಾರಾಣಿ ಕಂಬಕ್ಕೆ ಒರಗಿ, "ಹೋಗ್ಲಿ ಬಿಡ್ರಿ, ನಿಮ್ಮ ಮಂದ್ಯಾಗ ಸ್ವಚ್ಛ ಕಡಿಮಿ," ಎಂದಳು. ಮೈಮುನಾಬಿ ಮಾತ್ರ ಉಚ್ಚಂಗೆವ್ವನನ್ನೇ ನೋಡುತ್ತಿದ್ದಳು. ಮೆಟ್ಟಿಲು ಹತ್ತುವಾಗ ಮೈಲಪ್ಪ ಹೆಂಡತಿಗಿಂತ ಎರಡು ಮೆಟ್ಟಿಲು ಮುಂದಿದ್ದ, ತಿರುಗಿ ನೋಡಲಿಲ್ಲ.

ರವಿವಾರ ಹೊತ್ತೇರುವ ಮುಂಚೆ ಗುಡ್ಡವ್ವ ಬಂದಳು. ಎತ್ತರದ ಆಳು, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಮೈಲಪ್ಪ ಡ್ಯೂಟಿಗೆ ಹೋಗಿದ್ದ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಉಂಡಳು; ಬದನೆಕಾಯಿ ಇನ್ನೊಂದು ಹಾಕಿಸಿಕೊಂಡಳು; ದೀಪಿಕಾ ಮಣ್ಣು ತಿನ್ನುವ ಆಸೆ ಪಡುತ್ತಾಳೆಂದು ದೂರಿದಳು. ಆಮೇಲೆ ಕೈ ಒರೆಸಿಕೊಂಡು, "ಎಲ್ಲಿ ಹಾಸೀದಿ? ಹುಡುಗಿ ಮಲಗೂ ಜಾಗದಾಗs ನಾ ಮಲಗ್ತೇನಿ. ಮತ್ತ ಬ್ಯಾರೆ ಕಡೆ ಮಲಗಿಸಿ ಮೋಸ ಮಾಡಬ್ಯಾಡ," ಎಂದಳು.

ಉಚ್ಚಂಗೆವ್ವ ಹಿಂದೆಮುಂದೆ ನೋಡಿದಳು. "ಅದು ಪೂಜಿ ಮಾಡಿದ ಹೊರಸು ಬೀಗ್ತಿ..."

"ನಾನೂ ಐದು ಹಡದಾಕಿ. ನನಗ ಸಲ್ತೈತಿ."

ಬಿಳಿ ಮಗ್ಗಲುಹಾಸಿಗೆಯ ಮೇಲೆಯೇ ಗುಡ್ಡವ್ವ ಮೈ ಚಾಚಿದಳು. ಹೊರಸು ಕಿರ್ರೆಂದಿತು. ಸ್ವಲ್ಪ ಹೊತ್ತಿನಲ್ಲೇ ಗೊರಕೆ ಕೇಳಿಸಿತು. ಉಚ್ಚಂಗೆವ್ವ ಅಡುಗೆಮನೆಯಲ್ಲಿ ಗೋಡೆಗೊರಗಿ ಕುಳಿತು ಆ ಗೊರಕೆಯನ್ನೇ ಕೇಳುತ್ತಿದ್ದಳು. ಯಾರ ಗೊರಕೆಯೂ ಅವಳಿಗೆ ಇಷ್ಟು ಹಿತವಾಗಿ ಕೇಳಿರಲಿಲ್ಲ. ಹಂಡೆ ಎಲ್ಲಿಡುವುದು, ಅಗ್ಗಿಷ್ಟಿಕೆಯ ಕೆಂಡ ಎಲ್ಲಿಂದ ತರುವುದು, ಅಜವಾನದ ಹೊಗೆ ಹಾಕಿದರೆ ಮೇಲಿನ ಮಾಸ್ತರರು ಬೈದಾರೋ ಏನೋ ಎಂದು ಮನಸ್ಸು ಮುಂದೆ ಮುಂದೆ ಓಡುತ್ತಿತ್ತು. ಕೂಸಿನ ಕತ್ತು ಹಿಡಿಯುವಂತೆ ಅಂಗೈ ಬಾಗಿಸಿ ನೋಡಿಕೊಂಡಳು.

ಗೊರಕೆ ನಿಂತಿತು.

ಒಳಗೆ ಹೋದಾಗ ಗುಡ್ಡವ್ವ ಎದ್ದು ನಿಂತು ಕತ್ತು ಕೆರೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಮಗ್ಗಲುಹಾಸಿಗೆ ಸರಕ್ಕನೆ ಎಳೆದು ಬದಿಗೊಗೆದಳು. ಆಮೇಲೆ ಹಳ್ಳಿಯಲ್ಲಿ ಹೆಂಗಸರು ಬಿಸಿಲಿಗೆ ಹೊರಸು ಬಡಿಯುವ ಹಾಗೆ, ಒಂದು ಬದಿ ಎತ್ತಿ ನೆಲಕ್ಕೆ ಕುಟ್ಟಿದಳು.

"ಬ್ಯಾಡ ಬೀಗ್ತೀ!"

ಎರಡನೆಯ ಸಲ ಕುಟ್ಟಿದಾಗ ಕಾಲಿನ ಕೀಲು ಸಡಿಲಾಯಿತು. ಚಕ್ಕೆ ಎದ್ದ ಬಣ್ಣದ ಒಳಗಿನಿಂದ ತಿಗಣೆಗಳು ಉದುರಿದವು, ನೆಲದ ಮೇಲೆ ಎಳ್ಳು ಚೆಲ್ಲಿದಂತೆ. ಬದುಕಿದವು ಓಡಿದವು. ಓಡದೆ ಬಿದ್ದವು ಇನ್ನೂ ಹೆಚ್ಚಿದ್ದವು. ಒಣಗಿದ ಸಿಪ್ಪೆ, ವರ್ಷಗಟ್ಟಲೆ ಒಂದರ ಮೇಲೊಂದು ಕೂಡಿದ ಕರಿ ಹಿಕ್ಕೆ, ಅದರ ಜೊತೆ...

ಉಚ್ಚಂಗೆವ್ವ ಕೂತು ಒಂದನ್ನು ಬೆರಳ ತುದಿಗೆ ಹತ್ತಿಸಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ತಿಗಣೆಯ ಬೆನ್ನು ನೀಲಿಯಾಗಿತ್ತು. ಸಂದಿಯಿಂದ ಅರ್ಧ ಹೊರಗೆ ಬಂದಾಗ ಬಣ್ಣದ ಕುಂಚಕ್ಕೆ ಸಿಕ್ಕು, ಅಲ್ಲೇ ಅಂಟಿ, ಸತ್ತು ಒಣಗಿತ್ತು. ಒಂದಲ್ಲ. ಕೀಲಿನ ಸುತ್ತ ಎಲ್ಲ ಅಂಥವೇ.

ಸಂದಿ ಮುಚ್ಚಲು ಬಳಿದ ಬಣ್ಣ. ಅವಳು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದ್ದಳು. ಅದನ್ನು ಉಳಿಸಿಕೊಂಡು ಅವ್ವನ ಕೌದಿ ಸುಟ್ಟಿದ್ದಳು.

"ಇದನ್ನ ಯಾರ ಕೊಟ್ರು?" ಎಂದಳು ಗುಡ್ಡವ್ವ. ಉಚ್ಚಂಗೆವ್ವ ಹೇಳಿದಳು. ಗುಡ್ಡವ್ವ ಹೊರಸಿನ ಅಂಚಿಗೆ ಕೈಯೂರಿದಳು. "ಕೇಳಿಲ್ಲಿ. ತಪ್ಪ ನಿಂದಲ್ಲ, ನನಗ ಗೊತ್ತಾತು. ಸುಮ್ನ ಹಿತ್ತಲಕ ಒಯ್ದು ಸುಡು. ಯಾರ ಮುಂದೂ ಬಾಯಿ ಬಿಡಬ್ಯಾಡ. ಗುರುವಾರ ಕುಬಸ ಮಾಡಿ ಹುಡುಗಿನ್ನ ಕರಕೊಂಡು ಬಾ. ಬಾಣಂತನ ಆಗೂತನಾ ಬಾಯಿಗೆ ಬೀಗಾ ಹಾಕ್ಕೊ. ಆಮ್ಯಾಲ ಬೇಕಂದ್ರ ಊರ ತುಂಬ ಡಂಗುರ ಹೊಡಿ."

ಅದೂ ನ್ಯಾಯವಾದ ಮಾತೇ. ಉಚ್ಚಂಗೆವ್ವ ತಲೆಯಾಡಿಸಿದಳು. ಇಬ್ಬರೂ ಸೇರಿ ಹೊರಸನ್ನು ಅಡ್ಡ ಹಿಡಿದು ಮೆಟ್ಟಿಲಿಳಿದರು. ಉಚ್ಚಂಗೆವ್ವ ಒಂದೇ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು: ಮಗಳು ಬರ್ತಾಳ. ಮಗಳು ಬರ್ತಾಳ.

ಅಂಗಳದ ತಿರುವಿನಲ್ಲಿ ಸುಧಾರಾಣಿ ಅಡ್ಡ ಬಂದಳು. ಹೂ ಬಿಡಿಸುತ್ತಿದ್ದ ಬುಟ್ಟಿ ಸೊಂಟದಲ್ಲಿತ್ತು. ಹೊರಸನ್ನು ನೋಡಿದಳು, ಕೀಲಿನಿಂದ ಇನ್ನೂ ಉದುರುತ್ತಿದ್ದುದನ್ನು ನೋಡಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅಯ್ಯ ಶಿವನ! ನಮ್ಮ ಅತ್ತಿ ಹೊರಸಿಗೂ ಹತ್ತಿಸಿದ್ರೆಲ್ಲ ನಿಮ್ಮ ತಗಣಿ! ಚಲೋದ ಕೊಟ್ರ ಹಿಂಗ ಮಾಡಿ ಇಡೂದ?"

ಗುಡ್ಡವ್ವ ಹಿಂದಿನಿಂದ ಹೊರಸನ್ನು ಮೆಲ್ಲಗೆ ತಳ್ಳಿದಳು. ನಡೆ, ನಡೆ ಎಂಬಂತೆ. ಉಚ್ಚಂಗೆವ್ವ ನಡೆಯಲಿಲ್ಲ. ಹಿತ್ತಲ ದಾರಿ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿದಳು. ಗೇಟಿನ ಹೊರಗೆ, ಓಣಿಯ ನಟ್ಟನಡುವೆ, ಹೊರಸನ್ನು ಅಂಗಾತ ಇಳಿಸಿದಳು. ನಾಲ್ಕು ನೀಲಿ ಕಾಲು ಮೇಲೆ.

"ಬೂಬೂ! ಏ ಬೂಬೂ! ಮಾಸ್ತರ್ರ, ನೀವೂ ಇಳದ ಬರ್ರಿ! ಮೊನ್ನಿ ನನ್ನ ಬಾಯಿಲೆ ಹೇಳ್ಸಿದ್ದು ಕೇಳೀರಿ. ಇವತ್ತ ಇದನ್ನೂ ನೋಡ್ರಿ!"

ಹೊಲಿಗೆ ಯಂತ್ರ ನಿಂತಿತು. ಕಿಟಕಿಗಳು ತೆರೆದವು. ಶಂಭುಲಿಂಗ ಊಟದ ಕೈಯಲ್ಲೇ ಹೊರಗೆ ಬಂದ. ಉಚ್ಚಂಗೆವ್ವ ಕೀಲಿನಿಂದ ಒಂದು ನೀಲಿ ತಿಗಣೆ ಬಿಡಿಸಿ ಅಂಗೈಯಲ್ಲಿಟ್ಟು ಸುಧಾರಾಣಿಯ ಮುಂದೆ ಹಿಡಿದಳು. ಸುಧಾರಾಣಿ ಒಂದು ಹೆಜ್ಜೆ ಹಿಂದೆ ಸರಿದಳು.

"ಯಾಕ ಸರೀತೀರಿ ಅಕ್ಕಾರ? ಮುಟ್ಟಬ್ಯಾಡ್ರಿ, ನೋಡ್ರಷ್ಟ. ತಗಣಿ ನಮ್ಮವು ಅಂದ್ರಿ. ಆತು. ಇದಕ್ಕ ಬಣ್ಣ ಹಚ್ಚಿದವ್ರು ಯಾರ್ರಿ?"

ಮೈಮುನಾಬಿ ಬಂದು ಬಗ್ಗಿ ನೋಡಿ, "ಯಾ ಅಲ್ಲಾ, ನೀಲಿ ಅಂಗಿ ಹಾಕ್ಕೊಂಡು ಬಂದಾವ," ಎಂದಳು. ಕೊಟ್ರೇಶ ಮಾಸ್ತರರು ಕನ್ನಡಕ ಏರಿಸಿ ನೋಡಿದರು; ಆಮೇಲೆ ಶಂಭುಲಿಂಗನ ಕಡೆ ನೋಡಿದರು; ಆಮೇಲೆ ಎತ್ತಲೂ ನೋಡಲಿಲ್ಲ.

"ತಂಗಳಾ ಕೊಟ್ರಿ, ತಿಂದ್ವಿ. ಹಳೇ ಸೀರಿ ಕೊಟ್ರಿ, ಉಟ್ವಿ. ನನ್ನ ಮಗಳು ಹಡೀಲಿ ಅಂತ ಇದನ್ನ ಕೊಟ್ರೆಲ್ಲಾ, ನಿಮ್ಮ ಕೈ ಹೆಂಗ ಬಂತ್ರಿ? ಒಗಿಯಾಕ ತಿಪ್ಪಿ ಇರ್ಲಿಲ್ಲೇನು? ನಮ್ಮ ಮನಿನs ಕಂಡ್ತೇನು ತಿಪ್ಪಿ?"

ಶಂಭುಲಿಂಗ ಅಷ್ಟೇ ಮೆತ್ತಗೆ ಹೇಳಿದ: "ಆತವಾ. ಮಾತ ಬೆಳಸೂದು ಬ್ಯಾಡ. ಅಮಾಸಿ ಒಳಗ ಮನಿ ಖಾಲಿ ಮಾಡ್ರಿ." ಎಂಜಲು ಕೈ ಒಣಗುತ್ತಿತ್ತು, ಒಳಗೆ ಹೋದ.

ಬಸ್ ಸ್ಟ್ಯಾಂಡಿನ ತನಕ ಗುಡ್ಡವ್ವ ಮುಂದೆ ಮುಂದೆ ನಡೆದಳು. ಗುತ್ತಲದ ಬಸ್ಸು ನಿಂತಿತ್ತು. ಹತ್ತುವ ಮುಂಚೆ ಉಚ್ಚಂಗೆವ್ವನ ರಟ್ಟೆ ಹಿಡಿದುಕೊಂಡಳು. "ನಾನಾಗಿದ್ರ ಬಾಯಿ ಮುಚ್ಕೊಂಡಿರ್ತಿದ್ದೆ. ನೀ ಮುಚ್ಚಿಲ್ಲ. ಬೈಯೂದಿಲ್ಲ ನಿನಗ. ಆದ್ರ ತುಂಬಿದ ಬಸುರೀನ್ನ ಎಲ್ಲಿಗಂತ ಕಳಸ್ಲಿ? ಮನೀನs ಇಲ್ಲಂದ್ರ? ಹುಡುಗಿ ನಮ್ಮಲ್ಲೇ ಹಡೀತಾಳ. ನೀ ಬಂದು ಕೂಸಿನ್ನ ನೋಡಿ ಹೋಗು."

ನೋಡಿ ಹೋಗು. ಉಚ್ಚಂಗೆವ್ವ ಸೆರಗಿನ ಕೆಳಗೆ ಹಿಡಿದು ತಂದಿದ್ದ ಅಂಟಿನುಂಡಿಯ ಸಾಮಾನಿನ ಡಬ್ಬಿಯನ್ನು ಅವಳ ಮಡಿಲಿಗಿಟ್ಟಳು. "ಉತ್ತತ್ತಿ ಬೀಜಾ ತಗದೇನಿ. ಅಂಟು ತುಪ್ಪದಾಗ ಅರಳೂತನಾ ಹುರೀರಿ," ಎಂದಳು. ಬಸ್ಸು ತಿರುಗಿ ಹೋದ ಮೇಲೂ ಕಿಟಕಿಯ ಕಡೆ ಹೇಳುತ್ತಲೇ ಇದ್ದಳು, ಬೆಲ್ಲದ ಪಾಕ ಗಟ್ಟಿಯಾಗಬಾರದೆಂದು.

ಸಂಜೆ ಡ್ಯೂಟಿ ಮುಗಿಸಿ ಬಂದ ಮೈಲಪ್ಪನಿಗೆ ಗೇಟಿನಲ್ಲೇ ಎಲ್ಲ ಗೊತ್ತಾಗಿತ್ತು. ಓಣಿಯಲ್ಲಿ ಹೊರಸು ಇನ್ನೂ ಅಂಗಾತ ಬಿದ್ದಿತ್ತು. ಕೊಟ್ಟವರೂ ಮುಟ್ಟಿರಲಿಲ್ಲ, ಇಸಕೊಂಡವರೂ ಮುಟ್ಟಿರಲಿಲ್ಲ. ಸೈಕಲ್ಲಿನವರು ಸುತ್ತು ಹಾಕಿ ಹೋಗುತ್ತಿದ್ದರು. ಅವನು ಚೀಲ ಇಳಿಸಿ, "ಖರೇನ? ಬಣ್ಣ ಹತ್ತಿತ್ತ?" ಎಂದು ಕೇಳಿದ. ಅವಳು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದನ್ನು ತೋರಿಸಿದಳು. ಬಹಳ ಹೊತ್ತು ನೋಡಿದ. ಚೀಲದಿಂದ ಹರಿಯದ ಒಂದು ಟಿಕೆಟ್ಟು ತೆಗೆದು, ಆ ನೀಲಿ ತಿಗಣೆಯನ್ನು ಅದರಲ್ಲಿ ಮಡಿಚಿ, ಖಾಕಿ ಅಂಗಿಯ ಎದೆಯ ಜೇಬಿಗೆ ಹಾಕಿಕೊಂಡ.

"ನಾಳಿಂದ ಮನಿ ಹುಡುಕ್ತೇನಿ," ಎಂದ. "ಮತ್ತ ಕೇಳ್ತಾರ, ಯಾವ ಪೈಕಿ ಅಂತ."

"ಕೇಳ್ಲಿ."

"ಈ ಸಲ ನಗೂದಿಲ್ಲ ನಾ." ಅಷ್ಟು ಹೇಳಿ ಮೊಬೈಲನ್ನು ಅವಳ ಕೈಗೆ ಕೊಟ್ಟು ಬಚ್ಚಲಿಗೆ ಹೋದ. ಅದು ಆಗಲೇ ಗುನುಗುಡುತ್ತಿತ್ತು.

"ಅವ್ವಾ!" ದೀಪಿಕಾ. "ಅತ್ತಿ ಇನ್ನೂ ಬಂದಿಲ್ಲ. ಚಲೋ ನಿದ್ದಿ ಹತ್ತಿತ್ತೇನು ಅವ್ರಿಗೆ? ಗುರುವಾರ ನೀ ಲಗೂನ ಬರಬೇಕ ನೋಡು. ನಾ ಅರಿವಿ ಎಲ್ಲಾ ತುಂಬಿ ಇಟ್ಟೇನಿ. ಅವ್ವಾ, ಕಿಟಕಿ ಕಡೇನs ತಲಿ ಮಾಡ್ತೇನ ನಾ. ಗಾಳಿ ಬರ್ತೈತಿ ಅಲ್ಲಿ. ಕೇಳಾಕತ್ತೀಯೇನ?"

"ಕೇಳಾಕತ್ತೇನವಾ."

"ಕೂಸು ಒದೀತೈತಿ ಈಗ. ನಿನ್ನ ದನಿ ಕೇಳಿದ್ರ ಒದೀತೈತಿ ನೋಡು. ಏನರ ಮಾತಾಡು."

ಉಚ್ಚಂಗೆವ್ವ ಹಂಡೆ ತಿಕ್ಕಿಟ್ಟಿದ್ದೇನೆ ಎಂದಳು. ಧೋತರದ ಅರಿವೆ ಮೆತ್ತಗಾಗಿವೆ ಎಂದಳು. ಮಣ್ಣು ತಿನ್ನಬೇಡ ಎಂದಳು. ಆ ಕಡೆಯಿಂದ ಬಾಗಿಲು ಬಡಿದ ಸದ್ದು, "ಅತ್ತಿ ಬಂದ್ರು, ತಡೀ," ಎಂಬ ಮಾತು. ಆಮೇಲೆ ಏನೂ ಇಲ್ಲ.

ಹೊರಸು ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ನೀಲಿ ಗುರುತು ಉಳಿದಿದ್ದವು. ಬಣ್ಣ ಪೂರ್ತಿ ಒಣಗುವ ಮೊದಲೇ ತಂದಿಳಿಸಿದ್ದರು. ಸೀಮೆಎಣ್ಣೆಯ ಅರಿವೆ ತಂದು ಒಂದನ್ನು ತಿಕ್ಕಿದಳು. ಹೋಗಲಿಲ್ಲ. ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಎದ್ದು ಸಾಬೂನು ಹಚ್ಚಿ ತೊಳೆದಳು, ಮತ್ತೆ ಮೂಸಿದಳು, ಹುಣಸೆಹಣ್ಣು ತಿಕ್ಕಿ ತೊಳೆದಳು. ಬಚ್ಚಲಲ್ಲಿ ಮೈಲಪ್ಪ ಸುರಿದುಕೊಳ್ಳುವ ನೀರಿನ ಸದ್ದು ಕೇಳುತ್ತಿತ್ತು. ಎದುರುಮನೆಯಲ್ಲಿ ಯಂತ್ರ ಮತ್ತೆ ಹೊರಟಿತ್ತು.

ಒದ್ದೆ ಕೈಯಲ್ಲೇ ಬಂದು ಆ ನಾಲ್ಕು ಗುರುತುಗಳ ನಡುವೆ, ಬರಿ ನೆಲದ ಮೇಲೆ, ತಲೆಯನ್ನು ಕಿಟಕಿಯ ಕಡೆಗೆ ಮಾಡಿ ಮಲಗಿದಳು. ಗಾಳಿ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆಗೆ ಸರಿದು, ಪಕ್ಕದಲ್ಲಿ ಒಂದು ಮೈಯಷ್ಟು ಜಾಗ ಬಿಟ್ಟಳು.